ಮೊದಲ ಗೇರ್ ಗಾಡಿಗೇ ಕ್ರೂಸರ್ ತಗೋಬಹುದಾ? ಎತ್ತರ 5 ಅಡಿ 3 ಇಂಚು, ಊರು ದಾವಣಗೆರೆ

ನಿಟುವಳ್ಳಿ_ಸ್ಕೂಟರ್:
ಎಲ್ಲರಿಗೂ ನಮಸ್ಕಾರ. ವಯಸ್ಸು 34, ಎತ್ತರ 5 ಅಡಿ 3 ಇಂಚು, ತೂಕ ಕೇಳಬೇಡಿ. ನಗೋದಿದ್ರೆ ಈಗಲೇ ನಕ್ಕುಬಿಡಿ: ಇವತ್ತಿನವರೆಗೂ ನಾನು ಗೇರ್ ಗಾಡಿ ಮುಟ್ಟಿಲ್ಲ. ಕೆಲಸ ಸಿಕ್ಕಾಗ ಸ್ಕೂಟರ್ ತಗೊಂಡೆ, ಹನ್ನೊಂದು ವರ್ಷದಿಂದ ಅದರಲ್ಲೇ ಇದ್ದೀನಿ. ಔಷಧಿ ಕಂಪನಿ ರೆಪ್. ಊರೊಳಗೆ ತೊಂದರೆ ಇಲ್ಲ. ಈಗ ಏರಿಯಾ ಬದಲಾಗಿ ವಾರಕ್ಕೆ ಎರಡು ಸಲ ಚಿತ್ರದುರ್ಗ, ಹದಿನೈದು ದಿನಕ್ಕೊಮ್ಮೆ ಜಗಳೂರು ಬಿದ್ದಿದೆ. ಹೈವೇಲಿ ಲಾರಿ ಪಕ್ಕದಲ್ಲಿ ಹೋದ್ರೆ ಸ್ಕೂಟರ್ ಒಂದಡಿ ಆಕಡೆ ಸರಿಯುತ್ತೆ, ಜೀವ ಬಾಯಿಗೆ ಬರುತ್ತೆ.

ಆಸೆ ಇರೋದು ಕ್ರೂಸರ್ ಮೇಲೆ, ಅದೇ ತಗ್ಗು ಸೀಟಲ್ಲಿ ಕಾಲು ಮುಂದೆ ಚಾಚಿ ಕೂರೋ ಬೈಕು, ಅದ್ರಲ್ಲೂ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350. ಸೀಟು ತಗ್ಗಿದೆ, ನನ್ನ ಕಾಲು ಎರಡೂ ನೆಲಕ್ಕೆ ಮುಟ್ಟುತ್ತೆ ಅನ್ನೋದೇ ಮುಖ್ಯ ಕಾರಣ. ಭಾವಮೈದ ಮಾತ್ರ "ಭಾವ, ಮೊದಲ ಗಾಡಿಗೆ ಅಷ್ಟು ಭಾರ ಬೇಡ, ಸೆಕೆಂಡ್ ಹ್ಯಾಂಡ್ ಬಜಾಜ್ ಅವೆಂಜರ್ ತಗೊಂಡು ಕಲ್ತು ಆಮೇಲೆ ನೋಡು" ಅಂತಾನೆ. ಮನೆಯವಳು ಹಿಂದೆ ಕೂರ್ತಾಳೆ, ವಾರಕ್ಕೊಮ್ಮೆ ಹರಿಹರದ ತವರಿಗೆ. ಬಜೆಟ್ ಎಲ್ಲಾ ಸೇರಿ ಎರಡೂವರೆ ಲಕ್ಷ. ಯಾವುದು ತಗೋಬೇಕು?

ಪಿಬಿರೋಡ್_350:
ಮೀಟಿಯರ್. ಮುಗೀತು. ಇದರಲ್ಲಿ ಕೇಳೋದೇನಿದೆ?

ಖಾರ_ಮಂಡಕ್ಕಿ:
ಮುಗಿಯಲ್ಲ ಬಿಡಿ, ಈಗ ಶುರುವಾಗುತ್ತೆ. ನಾನು ಮೆಣಸಿನಕಾಯಿ ತಗೊಂಡು ಕೂತಿದ್ದೀನಿ.

ದುರ್ಗದ_ಗಾಳಿ:
ನಿಮ್ ಭಾವಮೈದ ಬುದ್ಧಿವಂತ ಕಣಣ್ಣ. ನಂದು ಅವೆಂಜರ್ 220 ಕ್ರೂಸ್, ಆರು ವರ್ಷ ಆಯ್ತು. ಸೀಟು 737 ಮಿಲಿಮೀಟರ್, ಗಾಡಿ 163 ಕೆಜಿ. ಮೀಟಿಯರ್ ಸೀಟು 765, ತೂಕ 191. ನೀವೇ ಕಳೀರಿ, 28 ಕೆಜಿ ವ್ಯತ್ಯಾಸ. ಒಂದು ಅಕ್ಕಿ ಮೂಟೆಗಿಂತ ಜಾಸ್ತಿ. ಮೊದಲ ಸಲ ಗೇರ್ ಹಿಡಿಯೋನಿಗೆ ಆ ಮೂಟೆ ಯಾಕೆ?

ಪಿಬಿರೋಡ್_350:
ಓಡೋವಾಗ ಆ ಮೂಟೆ ಗೊತ್ತಾಗಲ್ಲ ಸಾರ್. ಭಾರ ಎಲ್ಲಾ ಕೆಳಗಿದೆ. ಹೈವೇಲಿ ಭಾರ ಇದ್ರೇನೇ ಒಳ್ಳೇದು, ಅವರು ಕೇಳ್ತಿರೋದೂ ಲಾರಿ ಗಾಳಿಗೆ ತಾನೇ?

ದುರ್ಗದ_ಗಾಳಿ:
ಗಾಳಿ ಬಗ್ಗೆ ದುರ್ಗದವನಿಗೆ ಪಾಠ ಮಾಡ್ಬೇಡ್ರಪ್ಪ. ಇಲ್ಲಿ ಗುಡ್ಡದ ಮೇಲೆ ಸಾಲಾಗಿ ಫ್ಯಾನ್ ನಿಲ್ಸಿರೋದು ಚಂದಕ್ಕಲ್ಲ. ಆಷಾಢದಲ್ಲಿ ಅಡ್ಡಗಾಳಿ ಹೊಡೆದ್ರೆ ಬುಲೆಟ್ಟೂ ಸರಿಯುತ್ತೆ, ಕಾರೂ ಅಲ್ಲಾಡುತ್ತೆ. ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೊಂಡಷ್ಟೂ ಗಾಡಿ ಜಾಸ್ತಿ ಅಲ್ಲಾಡುತ್ತೆ. ಮೊಣಕೈ ಸಡಿಲ ಬಿಟ್ಟು, ಮಂಡೀಲಿ ಟ್ಯಾಂಕ್ ಒತ್ತಿ ಹಿಡಿಬೇಕು. ಕ್ರೂಸರ್‌ನಲ್ಲಿ ಕಾಲು ಮುಂದೆ ಇರೋದ್ರಿಂದ ಮಂಡೀಲಿ ಒತ್ತೋಕೆ ಸರಿಯಾಗಿ ಆಗಲ್ಲ, ಅದೊಂದು ತೊಂದರೆ. ನಮ್ಮ ಗಾಡಿಗೂ ಅದೇ ಕಥೆ, ಸುಳ್ಳು ಯಾಕೆ ಹೇಳ್ಲಿ.

ಗ್ಯಾರೇಜ್_ಹುಡ್ಗ:
ನಾ ಹೇಳೋದು ಸ್ವಲ್ಪ ಕೇಳ್ರಿ. ನಮ್ಮ ಗ್ಯಾರೇಜಿಗೆ ಬರೋ 350 ಗಾಡಿಗಳಲ್ಲಿ ಬಿದ್ದು ಬಂದವು ಹೈವೇಲಿ ಬಿದ್ದಿರಂಗಿಲ್ಲ. ಮನಿ ಮುಂದ ಬಿದ್ದಿರ್ತಾವು. ಪೆಟ್ರೋಲ್ ಬಂಕಿನಾಗ ಬಿದ್ದಿರ್ತಾವು. ನಿಂತಲ್ಲೇ ಹ್ಯಾಂಡಲ್ ತಿರುಗ್ಸಿರ್ತಾರ, ಅದೇ ಹೊತ್ತಿಗೆ ಮುಂದಿನ ಬ್ರೇಕ್ ಹಿಡಿದಿರ್ತಾರ, ಗಾಡಿ ಮುಗ್ಗರಿಸಿ ಆ ಕಡೆಗೇ ವಾಲ್ತದ. 110 ಕೆಜಿ ಸ್ಕೂಟರ್ ಆದ್ರ ಕಾಲು ಕೊಟ್ಟು ತಡೀಬಹುದು. 190 ಕೆಜಿ ಒಂದ್ಸಲ ವಾಲಿತು ಅಂದ್ರ ತಡಿಯಾಕ ಹೋಗಬ್ಯಾಡ್ರಿ, ಬಿಟ್ಟುಬಿಡ್ರಿ. ಲಿವರ್ ಹೋದ್ರ ನೂರಿನ್ನೂರು, ಸೊಂಟ ಹೋದ್ರ ನಾ ರಿಪೇರಿ ಮಾಡಂಗಿಲ್ಲ.

ಕಾಲು ಮುಟ್ಟೋದು ಒಂದು, ಭಾರ ತಡಿಯೋದು ಇನ್ನೊಂದು. ಎಲ್ಲರೂ ಸೀಟಿನ ಎತ್ತರ ನೋಡಿ ಮೋಸ ಹೋಗ್ತಾರ.

ಲೆಗ್ ಗಾರ್ಡ್ ಮೊದಲನೇ ದಿನಾನೇ ಹಾಕ್ಸಿ. ಅದು ಚಂದಕ್ಕಲ್ಲ.

ಐದಡಿ_ಒಂದಿಂಚು:
ಗ್ಯಾರೇಜ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ಹೆಂಗಸು, ಎತ್ತರ ಹೆಸರಲ್ಲೇ ಇದೆ, ಮೂರು ವರ್ಷದಿಂದ ಮೀಟಿಯರ್ ಓಡಿಸ್ತಿದ್ದೀನಿ. ಮೊದಲ ತಿಂಗಳಲ್ಲಿ ನಾಲ್ಕು ಸಲ ಬೀಳ್ಸಿದ್ದೀನಿ. ನಾಲ್ಕೂ ಸಲ ವೇಗ ಸೊನ್ನೆ. ಒಂದು ಸಲ ಕುಂದುವಾಡ ಕೆರೆ ಹತ್ತಿರ, ಬೆಳಿಗ್ಗೆ ವಾಕಿಂಗ್‌ನವರೆಲ್ಲಾ ನಿಂತು ನೋಡಿದ್ರು. ಒಬ್ಬ ಅಜ್ಜ ಬಂದು ಎತ್ತಿಕೊಟ್ಟು "ಯಾರ್ದವ್ವ ಗಾಡಿ, ನಿಮ್ಮೆಜಮಾನ್ರುದಾ?" ಅಂದ್ರು. ಬಿದ್ದಿದ್ದಕ್ಕಿಂತ ಅದೇ ಜಾಸ್ತಿ ಉರೀತು.

ಇನ್ನೊಂದು ವಿಷಯ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಮಾಮೂಲಿ ಬೈಕಲ್ಲಿ ಹಂಪ್ ಬಂದ್ರೆ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸ್ವಲ್ಪ ಎದ್ದು ನಿಂತ್ಕೋತೀವಿ. ಕ್ರೂಸರ್‌ನಲ್ಲಿ ಕಾಲು ಮುಂದೆ ಚಾಚಿರುತ್ತಲ್ಲ, ಏಳೋಕಾಗಲ್ಲ. ಬಂದದ್ದೆಲ್ಲಾ ನೇರ ಬೆನ್ನುಹುರಿಗೆ. ದಾವಣಗೆರೆ-ಚಿತ್ರದುರ್ಗ ಹೈವೇಲಿ ಸಿಂಹಾಸನ. ಜಗಳೂರು ಕಡೆ ಹಳ್ಳಿ ರಸ್ತೇಲಿ, ಒಂದೊಂದು ಮನೆ ಮುಂದೂ ಒಂದೊಂದು ಹಂಪ್, ಅಲ್ಲಿ ನಿಮಗೇ ಗೊತ್ತಾಗುತ್ತೆ.

ಆದ್ರೂ ಮಾರಲ್ಲ. ಆಸೆ ಇದ್ರೆ ತಗೊಳ್ಳಿ.

ಪಿಬಿರೋಡ್_350:
ನೋಡಿ, ಅಕ್ಕ ಅವ್ರೇ ಮಾರಲ್ಲ ಅಂದ್ರು.

ಐದಡಿ_ಒಂದಿಂಚು:
ತಮ್ಮಾ, ಉಳಿದಿದ್ದೂ ಓದು.

ಲೆಕ್ಕದ_ಮೇಷ್ಟ್ರು:
ಬಜೆಟ್ ಎರಡೂವರೆ ಲಕ್ಷ ಅಂದಿದ್ದೀರಿ, ಅದಕ್ಕೆ ಲೆಕ್ಕ ಹೇಳ್ತೀನಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18%ಕ್ಕೆ ಇಳಿದಿದೆ. 350 ದಾಟಿದರೆ 40%. ಮೊದಲು ಅವಕ್ಕೆ ಸೆಸ್ ಸೇರಿ 31% ಇತ್ತು. ಉದಾಹರಣೆಗೆ ತೆರಿಗೆ ಬಿಟ್ಟು ಗಾಡಿ ಬೆಲೆ 1,50,000 ಅಂತ ಇಟ್ಟುಕೊಳ್ಳಿ. ಮೊದಲು 1,92,000 ಆಗ್ತಿತ್ತು, ಈಗ 1,77,000. ಹದಿನೈದು ಸಾವಿರ ಉಳಿಯಿತು. ಅದೇ 350 ಮೇಲಿನ ಗಾಡಿ, ಮೂಲ ಬೆಲೆ 1,80,000 ಆದರೆ 2,35,800 ಇದ್ದದ್ದು 2,52,000 ಆಗುತ್ತೆ.

ಇಷ್ಟಕ್ಕೇ ಮುಗಿಯಲ್ಲ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರ ದರಪಟ್ಟಿಯಲ್ಲಿ 150ರಿಂದ 350 ಸಿಸಿವರೆಗೆ ಅದು 7,365 ರೂಪಾಯಿ, 350 ದಾಟಿದ ಕೂಡಲೇ 15,117. ಆಮೇಲೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್, 1 ಲಕ್ಷ ಮೇಲಿನ ಬೈಕಿಗೆ 18%, ಅದರ ಮೇಲೆ ಸೆಸ್. ಶೋರೂಂ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿರುವ ಬೆಲೆ ನೋಡಿ ಹೊರಟವರು ಕ್ಯಾಶ್ ಕೌಂಟರ್ ಹತ್ತಿರ ಕೂತುಬಿಡ್ತಾರೆ.

ಹರಿಹರ_ಹೊಳೆದಂಡೆ:
ಮೇಷ್ಟ್ರೇ ಅದಕ್ಕೇ ಬೇಜಾರು. ನಾನು 440 ಸಿಸಿ ಹಾರ್ಲೆ ಎಕ್ಸ್440 ಹೇಳೋಣ ಅಂತ ಬಂದೆ. ಎಂಜಿನ್ ಎಳೆಯೋ ಬಲ, ಅದೇ ಟಾರ್ಕು, 38 ಎನ್‌ಎಂ, ಮೀಟಿಯರ್‌ದು 27. ನಮ್ಮ ಹರಿಹರ ಬ್ರಿಡ್ಜ್ ಮೇಲೆ ಅದರ ಸದ್ದು ಕೇಳ್ಬೇಕು.

ಲೆಕ್ಕದ_ಮೇಷ್ಟ್ರು:
ಅದರ ಸೀಟು 805 ಮಿಲಿಮೀಟರ್. ಕೇಳಿದವರು 5 ಅಡಿ 3 ಇಂಚು. ಮೇಲಾಗಿ ಅದು ಕ್ರೂಸರ್ರೂ ಅಲ್ಲ, ನೆಟ್ಟಗೆ ಕೂರುವ ರೋಡ್‌ಸ್ಟರ್.

ಹರಿಹರ_ಹೊಳೆದಂಡೆ:
ಹೆಸರು ಹಾರ್ಲೆ ಅಲ್ವಾ ಸಾರ್, ಅರ್ಧ ಕ್ರೂಸರ್.

ಖಾರ_ಮಂಡಕ್ಕಿ:
ಹೆಸರಲ್ಲೇ ಎಲ್ಲಾ ಇದ್ದಿದ್ರೆ ನಮ್ಮ ಕ್ಲಾಸಿನ ಲಕ್ಷ್ಮೀಪತಿ ಇನ್ನೂ ನನ್ನ ಹತ್ರ ಸಾಲ ಕೇಳ್ತಿರಲಿಲ್ಲ.

ಮಾಜಿ_ಯಜ್ದಿ:
ಈಗಿನ ಹುಡುಗರು 190 ಕೆಜಿಗೆ ಇಷ್ಟು ಹೆದರ್ತೀರಲ್ಲಪ್ಪ. ನಮ್ಮ ಕಾಲದಲ್ಲಿ ಕಲಿಯೋ ಗಾಡಿ ಅಂತ ಬೇರೆ ಇರಲಿಲ್ಲ. ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿದ್ರು. ಅವರ ಜಾವಾದಲ್ಲೇ ನಾನು ಕಲಿತದ್ದು. ಅದು ಪರದೇಶದ್ದಲ್ಲ, ನಮ್ಮ ಮೈಸೂರಿನ ಫ್ಯಾಕ್ಟರೀಲಿ 1961ರಿಂದ ತಯಾರಾಗ್ತಿದ್ದ ಗಾಡಿ. ಆಮೇಲೆ ಅದೇ ಯಜ್ದಿ ಆಯ್ತು, 1996ಕ್ಕೆ ಫ್ಯಾಕ್ಟರಿ ಮುಚ್ಚಿತು. ಕಿಕ್ಕರ್ ಒದೆಯೋದೂ ಅದೇ ಲಿವರ್, ಗೇರ್ ಹಾಕೋದೂ ಅದೇ ಲಿವರ್. ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ಮಡಚಿದ್ರೆ ಗೇರು. ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸ್ಬೇಕು. ಮಿಲ್ಲಿನ ಸೈರನ್ನಿಗೂ ನಮ್ಮಪ್ಪನ ಗಾಡಿ ಸದ್ದಿಗೂ ಓಣಿಯವರು ಗಡಿಯಾರ ತಿದ್ದಿಕೊಳ್ತಿದ್ರು.

ಪಿಬಿರೋಡ್_350:
ಅಜ್ಜಾರ ಆ ಗಾಡಿ ಈಗ ಎಲ್ಲಿದೆ?

ಮಾಜಿ_ಯಜ್ದಿ:
ಹೆಸರಲ್ಲೇ ಮಾಜಿ ಅಂತ ಬರ್ಕೊಂಡಿದ್ದೀನಲ್ಲ. ತಂಗಿ ಮದುವೇಲಿ ಮಾರಿದ್ವಿ. ಅಜ್ಜ ಅಂತ ಕರೆಯೋಷ್ಟು ವಯಸ್ಸಾಗಿಲ್ಲ, 62.

ದುರ್ಗದ_ಗಾಳಿ:
ಹಳೇ ಬುಲೆಟ್ ಇನ್ನೊಂದ್ ತಮಾಷೆ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ನಮ್ಮ ಚಿಕ್ಕಪ್ಪ ಅದರಲ್ಲಿ ಪಳಗಿದವರು, ಒಂದು ದಿನ ನನ್ನ ಅವೆಂಜರ್ ಹತ್ತಿ ಚಳ್ಳಕೆರೆ ಗೇಟ್ ಹತ್ರ ಬ್ರೇಕ್ ಅಂತ ಗೇರ್ ತುಳಿದ್ರು. ಮುಂದೆ ಹೋಗ್ತಿದ್ದ ಕಡ್ಲೇಕಾಯಿ ಗಾಡಿಯವನು ಇನ್ನೂ ನೆನಪಿಸ್ಕೋತಾನೆ.

ನಿಟುವಳ್ಳಿ_ಸ್ಕೂಟರ್:
ಕಥೆಗಳು ಚೆನ್ನಾಗಿವೆ, ಆದ್ರೆ ನನ್ನ ಪ್ರಶ್ನೆ ಎಲ್ಲೋ ಕಳೆದುಹೋಯ್ತು. 🙂 ಅವೆಂಜರ್ ಹಗುರ ಅಂದ್ರಿ. ಹಾಗಾದ್ರೆ ಊರೊಳಗೆ ತಿರುಗಿಸೋಕೆ ಅದೇ ಸುಲಭಾನಾ? ಮೀಟಿಯರ್ ನೋಡೋಕೆ ಉದ್ದ ಇದೆ.

ಗ್ಯಾರೇಜ್_ಹುಡ್ಗ:
ಉಲ್ಟಾ ಹೇಳಿದ್ರಿ. ಅವೆಂಜರ್‌ದು ಎರಡು ಗಾಲಿ ನಡುವಿನ ಅಂತರ 1490 ಮಿಲಿಮೀಟರ್, ಮೀಟಿಯರ್‌ದು 1400. ಅವೆಂಜರ್ ಮುಂದಿನ ಫೋರ್ಕು ಚಾಚಿಕೊಂಡೈತಿ, ಅದಕ್ಕ ನೇರ ರಸ್ತೇಲಿ ಹಳಿ ಮ್ಯಾಲಿನ ರೈಲು, ಗಲ್ಲಿಯೊಳಗ ತಿರುಗ್ಸಾಕ ಜಾಗ ಜಾಸ್ತಿ ಬೇಕು. ಹಗುರ ಅದು, ಚುರುಕು ಇದು. ಹಿಂಗ ಒಂದಕ್ಕೊಂದು ಇದ್ದೇ ಇರ್ತದ.

ಇನ್ನ ಟೈರು. ಅವೆಂಜರ್ ಕ್ರೂಸ್ ಸ್ಪೋಕ್ ವ್ಹೀಲು, ಒಳಗ ಟ್ಯೂಬು. ಹೈವೇಲಿ ಪಂಚರ್ ಆದ್ರ ಗಾಲಿ ಬಿಚ್ಚಬೇಕು. ಮೀಟಿಯರ್ ಅಲಾಯ್ ವ್ಹೀಲು, ಟ್ಯೂಬ್‌ಲೆಸ್. ಮೊಳೆ ಚುಚ್ಚಿದ್ರೂ ಮೆಲ್ಲಗ ಗಾಳಿ ಇಳೀತದ, ಮುಂದಿನ ಊರು ಮುಟ್ಟಬಹುದು. ಬ್ರೇಕಿಗೂ ಅದೇ, ಜೋರಾಗಿ ಬ್ರೇಕ್ ಹಿಡಿದ್ರ ಗಾಲಿ ಲಾಕ್ ಆಗದಂಗ ತಡಿಯೋ ಎಬಿಎಸ್ ಅದರಾಗ ಮುಂದಿನ ಗಾಲಿಗಷ್ಟೇ, ಇದರಾಗ ಎರಡಕ್ಕೂ. ವಾರಕ್ಕ ಎರಡ್ಸಲ ದುರ್ಗ ಅಂದ್ರ ನಾನಾದ್ರ ಇದೆಲ್ಲಾ ನೋಡ್ತಿದ್ದೆ.

ದುರ್ಗದ_ಗಾಳಿ:
ಟ್ಯೂಬ್ ವಿಷಯಕ್ಕೆ ಬಾಯಿ ಮುಚ್ಕೋತೀನಿ. ಭರಮಸಾಗರದ ಹತ್ರ ಮಧ್ಯಾಹ್ನ ಎರಡು ಗಂಟೇಲಿ ಮೂರು ಕಿಲೋಮೀಟರ್ ತಳ್ಳಿದ್ದೀನಿ. ಒಬ್ಬ ಟೊಮ್ಯಾಟೊ ಗಾಡಿಯವನು ಹತ್ತಿಸ್ಕೊಂಡ, ಗಾಡಿಗೂ ನನಗೂ ಸೇರಿ ಇನ್ನೂರು ಇಸ್ಕೊಂಡ.

ಜಗಳೂರು_ಜೋಳ:
ನಮ್ಮ ಕಡೆ ಬರ್ತೀನಿ ಅಂದ್ರಲ್ಲ, ಅದಕ್ಕೆ ಬರೀತಿದ್ದೀನಿ. ಈಗ ಮೆಕ್ಕೆಜೋಳ ಒಕ್ಕಣೆ ಕಾಲ. ಕಣ ಇಲ್ಲದವರು ರಸ್ತೆ ಮೇಲೇ ಒಣಗಿಸ್ತಾರೆ, ನಾನೂ ಒಣಗಿಸಿದ್ದೀನಿ, ಬೈಬೇಡಿ. ಅರ್ಧ ರಸ್ತೆ ಕಾಳು, ಅಂಚಿಗೆ ಸಾಲಾಗಿ ಕಲ್ಲು. ಒಣ ಕಾಳಿನ ಮೇಲೆ ಗಾಲಿ ಹತ್ತಿದ್ರೆ ಗೋಲಿ ಮೇಲೆ ಹತ್ತಿದಂಗೆ. ಕಾರಿನವನು ದಾಟ್ತಾನೆ, ಬೈಕಿನವನು ಬ್ರೇಕ್ ಹಿಡಿದ್ರೆ ಮಕಾಡೆ. ರಾತ್ರಿ ಕಾಳು ಗುಡ್ಡೆ ಮಾಡಿ ಕಪ್ಪು ಟಾರ್ಪಾಲ್ ಮುಚ್ಚಿರ್ತೀವಿ, ಅದು ಇನ್ನೂ ಅಪಾಯ, ಹೆಡ್‌ಲೈಟಿಗೆ ಕಾಣೋದೇ ಇಲ್ಲ. ಹೊಸದುರ್ಗದ ಕಡೆ ರಾಗಿ ತೆನೆ ಹಾಸ್ತಾರೆ, ಗಾಡಿಗಳು ಹಾದುಹೋಗಿ ಕಾಳು ಉದುರ್ಲಿ ಅಂತ.

ಯಾವ ಗಾಡಿನಾದ್ರೂ ತಗೊಳ್ಳಿ, ನವೆಂಬರ್-ಡಿಸೆಂಬರ್‌ನಲ್ಲಿ ಜಗಳೂರಿಗೆ ಕತ್ತಲಾದ ಮೇಲೆ ಬರಬೇಡಿ. ಕಾಳಿನ ಮೇಲೆ ಸಿಕ್ಕಿಬಿದ್ರೆ ಬ್ರೇಕೂ ಬೇಡ, ಕ್ಲಚ್ಚೂ ಬೇಡ, ಹ್ಯಾಂಡಲ್ ನೆಟ್ಟಗೆ ಇಟ್ಟು ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ತಾನೇ ದಾಟುತ್ತೆ.

ಖಾರ_ಮಂಡಕ್ಕಿ:
ತಾವೇ ಹಾಸಿ ತಾವೇ ದಾರಿ ಹೇಳ್ಕೊಡ್ತಾರೆ. ದೊಡ್ಡ ಮನಸ್ಸು.

ಜಗಳೂರು_ಜೋಳ:
ಕಣ ಕಟ್ಸಿಕೊಡಿ ಸ್ವಾಮಿ, ನಾಳೆನೇ ರಸ್ತೆ ಖಾಲಿ ಮಾಡ್ತೀನಿ. ಕಾಳಲ್ಲಿ ತೇವ ಜಾಸ್ತಿ ಇದ್ರೆ ಮಾರ್ಕೆಟ್ಟಲ್ಲಿ ರೇಟು ಎಷ್ಟು ಕಡಿತಾರೆ ಗೊತ್ತಾ? ಇರ್ಲಿ, ಇದು ಬೈಕಿನ ಮಾತು.

ಪಾಲಿಸಿ_ಅಣ್ಣ:
ಯಾರೂ ಕೇಳದ ಒಂದು ಪ್ರಶ್ನೆ. ಸ್ಕೂಟರ್ ಮಾತ್ರ ಓಡಿಸಿದ್ದೀನಿ ಅಂದಿದ್ದೀರಿ. ಡಿಎಲ್ ಟೆಸ್ಟ್ ಯಾವ ಗಾಡೀಲಿ ಕೊಟ್ರಿ? ಕಾರ್ಡ್ ತೆಗೆದು ನೋಡಿ. 'ಎಂಸಿಡಬ್ಲ್ಯುಜಿ' ಅಂತ ಇದ್ರೆ ಗೇರ್ ಗಾಡಿಗೆ ಆಗುತ್ತೆ. 'ಎಂಸಿಡಬ್ಲ್ಯುಒಜಿ' ಅಂತ ಇದ್ರೆ ಅದು ಗೇರ್ ಇಲ್ಲದ ಗಾಡಿಗಷ್ಟೇ.

ನಿಟುವಳ್ಳಿ_ಸ್ಕೂಟರ್:
ಅಯ್ಯೋ. ನಡುವೆ 'ಒ' ಇದೆ.

ಖಾರ_ಮಂಡಕ್ಕಿ:
😂😂 ಎಪ್ಪತ್ತು ಲೈನ್ ಚರ್ಚೆ ಆದ್ಮೇಲೆ ವರನಿಗೆ ವಯಸ್ಸೇ ಆಗಿಲ್ಲ ಅಂತ ಗೊತ್ತಾಯ್ತು.

ಪಿಬಿರೋಡ್_350:
ಅಯ್ಯೋ ಯಾರ್ ನೋಡ್ತಾರೆ ಸಾರ್. ಪೊಲೀಸರು ಹೆಲ್ಮೆಟ್ಟು, ಇನ್ಶೂರೆನ್ಸು ನೋಡ್ತಾರೆ, ಡಿಎಲ್ ಇದ್ರೆ ಸಾಕು. ಆ 'ಒ' ಯಾರೂ ಓದಲ್ಲ.

ಪಾಲಿಸಿ_ಅಣ್ಣ:
ಪೊಲೀಸರು ಓದದೇ ಇರಬಹುದು. ಆಕ್ಸಿಡೆಂಟ್ ಆದ ದಿನ ವಿಮೆ ಸರ್ವೇಯರ್ ಮೊದಲು ಓದೋದೇ ಅದನ್ನ. ಬೇರೆ ವರ್ಗದ ಲೈಸೆನ್ಸ್ ಇಟ್ಕೊಂಡು ಓಡಿಸಿದ್ರೆ ಕ್ಲೇಮ್ ಕಥೆ ಏನಾಗುತ್ತೆ ಅಂತ ನನ್ನ ಕೆಲಸದಲ್ಲಿ ನೋಡಿದ್ದೀನಿ. ಎದುರಿನವನಿಗೆ ಪೆಟ್ಟಾದ್ರೆ ಕೋರ್ಟು ಕಟ್ಟಿಸೋ ಪರಿಹಾರವನ್ನ ಕಂಪನಿ ಆಮೇಲೆ ನಿಮ್ಮ ಹತ್ರ ವಸೂಲಿಗೆ ಬರಬಹುದು. ಇನ್ನೊಬ್ಬರಿಗೆ ಇಂಥ ಸಲಹೆ ಕೊಡಬೇಡಿ ತಮ್ಮಾ.

ನಿಟುವಳ್ಳಿಯವರೇ, ದೊಡ್ಡ ಕೆಲಸ ಏನಲ್ಲ. ಇರೋ ಲೈಸೆನ್ಸಿಗೆ ಗೇರ್ ಗಾಡಿ ಸೇರಿಸೋಕೆ ಅರ್ಜಿ ಹಾಕಿ, ಅದಕ್ಕೆ ಮತ್ತೆ ಎಲ್‌ಎಲ್‌ಆರ್ ಬರುತ್ತೆ, ಆರು ತಿಂಗಳು ಚಾಲ್ತಿ. 30 ದಿನ ಆದ್ಮೇಲೆ ಟೆಸ್ಟ್ ಕೊಡಬಹುದು. 'ಎಲ್' ಬೋರ್ಡ್ ಅಂಟಿಸ್ಕೊಂಡು ಕಲೀರಿ.

ಪಿಬಿರೋಡ್_350:
ಸರಿ ಅಣ್ಣ, ಬಾಯಿತಪ್ಪಿ ಅಂದೆ.

ಐದಡಿ_ಒಂದಿಂಚು:
ನನಗಂತೂ ಇದು ಒಳ್ಳೇದೇ ಆಯ್ತು ಅನ್ಸುತ್ತೆ. ಆ 30 ದಿನ ಭಾವಮೈದನ ಗಾಡೀಲಿ ಕಲೀರಿ. ಅವರ ಹತ್ರ ಯಾವುದಿದೆ?

ನಿಟುವಳ್ಳಿ_ಸ್ಕೂಟರ್:
ಸ್ಪ್ಲೆಂಡರ್. ಹದಿನಾಲ್ಕು ವರ್ಷದ್ದು.

ಗ್ಯಾರೇಜ್_ಹುಡ್ಗ:
ಬಂಗಾರದಂಥ ಗುರು ಸಿಕ್ತು ಬಿಡ್ರಿ. ಬಿದ್ರೂ ಏನಾಗಂಗಿಲ್ಲ, ಬೀಳ್ಸಿದವ್ರಿಗೂ ಏನಾಗಂಗಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕ ಹೈಸ್ಕೂಲ್ ಮೈದಾನಕ್ಕ ಹೋಗ್ರಿ, ಕ್ರಿಕೆಟ್ ಹುಡುಗರು ಬರೋದ್ರೊಳಗ. ಆಕ್ಸಿಲರೇಟರ್ ಮುಟ್ಟಬ್ಯಾಡ್ರಿ. ಒಂದನೇ ಗೇರು, ಕ್ಲಚ್ ಮೆಲ್ಲಗ ಬಿಡ್ರಿ, ಗಾಡಿ ಎಲ್ಲಿ ಕಚ್ಚಿಕೊಳ್ತದ ಅಂತ ಕೈಗೆ ಗೊತ್ತಾಗ್ಬೇಕು. ಅಲ್ಲೇ ಹಿಡೀರಿ. ಹಿಂದಿನ ಬ್ರೇಕ್ ಮ್ಯಾಲ ಕಾಲು ಹಗುರಾಗಿ ಇಟ್ಟು, ನಡಿಯೋ ಮನುಷ್ಯನ ಜೋಡಿ ಹೋಗ್ರಿ. ಮನುಷ್ಯಾನ್ನ ಹಿಂದ ಹಾಕಿದ್ರಿ ಅಂದ್ರ ನೀವು ಸೋತ್ರಿ. ಇದು ಬಂದ್ರ 190 ಕೆಜಿನೂ ಬರ್ತದ, ಬರ್ಲಿಲ್ಲ ಅಂದ್ರ 110 ಕೆಜಿನೂ ಬೀಳ್ತದ. ತಿರುಗ್ಸೋವಾಗ ಮುಂದಿನ ಬ್ರೇಕ್ ಬಿಟ್ಟುಬಿಡ್ರಿ, ಗಾಲಿ ನೋಡಬ್ಯಾಡ್ರಿ, ಹೋಗೋ ಕಡೆ ನೋಡ್ರಿ.

ಇನ್ನೊಂದು. ಶೋರೂಮಿನಾಗ ಎಲ್ಲರೂ ಟೆಸ್ಟ್ ರೈಡ್ ಅಂತ ರಿಂಗ್ ರೋಡಿಗೆ ಹೋಗಿ ಎಂಬತ್ತಕ್ಕ ಓಡ್ಸಿ ಬರ್ತಾರ. ಎಂಬತ್ತರಾಗ ಎಲ್ಲಾ ಗಾಡಿನೂ ಚಂದ. ನೀವು ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ ಹಾಕಿ, ಸೀಟಿನ ಮ್ಯಾಲ ಕೂತು, ಎರಡೂ ಕಾಲಿಂದ ಗಾಡಿ ಹಿಂದಕ್ಕ ತಳ್ಳಿ ನೋಡ್ರಿ. ಸ್ವಲ್ಪ ಇಳಿಜಾರಿದ್ರ ಇನ್ನೂ ಚೊಲೋ. ಹತ್ತು ಹೆಜ್ಜಿ ಬಂತಾ, ಗಾಡಿ ನಿಮ್ಮದು. ಬರ್ಲಿಲ್ಲಾ, ಚಾ ಕುಡ್ದು ಮನಿಗೆ ಬರ್ರಿ.

ಹರಿಹರ_ಹೊಳೆದಂಡೆ:
ಗ್ಯಾರೇಜ್ ಅಣ್ಣ, ನಿಮ್ಮ ಗ್ಯಾರೇಜ್ ಎಲ್ಲಿ? ನನ್ನ ಗಾಡಿ ಚೈನು ಸದ್ದು ಮಾಡ್ತಿದೆ.

ಗ್ಯಾರೇಜ್_ಹುಡ್ಗ:
ಐದುನೂರು ಕಿಲೋಮೀಟರಿಗೊಮ್ಮೆ ಚೈನಿಗೆ ಲೂಬ್ ಹಾಕಿದ್ರ ನಮ್ಮ ಗ್ಯಾರೇಜ್ ಬೇಕಾಗಂಗಿಲ್ಲ. ಹಾಕೀರೇನು?

ಹರಿಹರ_ಹೊಳೆದಂಡೆ:
ಮಳೆ ಬಂದಿತ್ತಲ್ಲ ಅಣ್ಣ.

ಖಾರ_ಮಂಡಕ್ಕಿ:
🙏

ಮಾಜಿ_ಯಜ್ದಿ:
ಹಿಂದೆ ಕೂರುವ ಹೆಂಗಸರ ಬಗ್ಗೆ ಯಾರೂ ಮಾತಾಡಲಿಲ್ಲ. ಕ್ರೂಸರಿನಲ್ಲಿ ಓಡಿಸುವವನಿಗೆ ಸೋಫಾ, ಹಿಂದಿನವರಿಗೆ ಮಣೆ. ಅವರನ್ನೂ ಕರ್ಕೊಂಡು ಹೋಗಿ ಕೂರಿಸಿ ನೋಡಿ. ಸೀರೆ ಗಾರ್ಡ್ ತೆಗೆಸಬೇಡಿ, ಈಗಿನವರು ಚಂದ ಕಾಣಲ್ಲ ಅಂತ ತೆಗೆಸ್ತಾರೆ. ಅವರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ತಗೊಳ್ಳಿ, ತಲೆ ಮೇಲೆ ಬಟ್ಟಲು ಕವುಚಿದಂಥದ್ದಲ್ಲ.

ಐದಡಿ_ಒಂದಿಂಚು:
ಸಾರ್, ಇದಕ್ಕೆ ನಿಮಗೊಂದು ಬೆಣ್ಣೆ ದೋಸೆ ನನ್ನ ಕಡೆಯಿಂದ.

ಮಾಜಿ_ಯಜ್ದಿ:
ಕೊಲೆಸ್ಟ್ರಾಲ್ ಅಮ್ಮ. ಖಾಲಿ ದೋಸೆ ಆದ್ರೆ ಬರ್ತೀನಿ.

ದುರ್ಗದ_ಗಾಳಿ:
ದಾವಣಗೆರೆಗೆ ಬಂದು ಖಾಲಿ ದೋಸೆ ತಿನ್ನೋದು, ದುರ್ಗಕ್ಕೆ ಬಂದು ಕೋಟೆ ಹತ್ತದೇ ಹೋಗೋದು, ಎರಡೂ ಒಂದೇ.

(ಇದಾದ ಮೇಲೆ ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿರುತ್ತೆ ಅಂತ ಹನ್ನೆರಡು ಉತ್ತರಗಳು ಬಂದವು. ಜಗಳ ಆಗಿದ್ದರಿಂದ ಬೇರೆ ಕಡೆಗೆ ಹಾಕಲಾಗಿದೆ. – ನಿರ್ವಾಹಕ)

ನಿಟುವಳ್ಳಿ_ಸ್ಕೂಟರ್:
ಐದು ವಾರದ ನಂತರ ಬರ್ತಿದ್ದೀನಿ, ಕ್ಷಮಿಸಿ. ಎಲ್‌ಎಲ್‌ಆರ್ ಆಯ್ತು, ಟೆಸ್ಟೂ ಪಾಸಾಯ್ತು, ಕಾರ್ಡ್ ಬರೋದು ಬಾಕಿ. ಸ್ಪ್ಲೆಂಡರ್‌ನಲ್ಲಿ ಆರು ಭಾನುವಾರ ಮೈದಾನ ಸುತ್ತಿದೆ. ನಡಿಯೋ ಮನುಷ್ಯನ ಜೊತೆ ಹೋಗೋದಕ್ಕೆ ನಮ್ಮ ಅಪ್ಪನನ್ನೇ ಕರ್ಕೊಂಡು ಹೋಗಿದ್ದೆ. ಮೂರನೇ ವಾರದವರೆಗೂ ಅಪ್ಪನೇ ಗೆದ್ರು. ಅವರಿಗೆ ಮಂಡಿನೋವು ಬೇರೆ.

ಮೊನ್ನೆ ಶೋರೂಮಿಗೆ ಹೋದ್ವಿ, ಮನೆಯವಳೂ ಬಂದಿದ್ಲು. ಎಂಜಿನ್ ಆಫ್ ಮಾಡಿ ಹಿಂದಕ್ಕೆ ತಳ್ತೀನಿ ಅಂದೆ. ಸೇಲ್ಸ್ ಹುಡುಗ "ಸಾರ್, ಇದಕ್ಕೆ ಸೆಲ್ಫ್ ಸ್ಟಾರ್ಟ್ ಇದೆ" ಅಂದ. ಮೀಟಿಯರ್ ಸಮತಟ್ಟಿನಲ್ಲಿ ಹತ್ತು ಹೆಜ್ಜೆ ಆರಾಮಾಗಿ ಬಂತು. ಹೊರಗಿನ ರ‍್ಯಾಂಪ್ ಮೇಲೆ ನಾಲ್ಕು ಹೆಜ್ಜೆ ಬಂತು, ಐದನೆಯದಕ್ಕೆ ಪಾದ ಜಾರಿತು. ಶೂ ತಪ್ಪೋ ನಂದು ತಪ್ಪೋ ಗೊತ್ತಾಗಲಿಲ್ಲ. ಓಡಿಸಿ ನೋಡಿದೆ, ಕ್ಲಚ್ ಸ್ಪ್ಲೆಂಡರ್‌ಗಿಂತ ಗಟ್ಟಿ ಇರುತ್ತೆ ಅಂದ್ಕೊಂಡಿದ್ದೆ, ಅಷ್ಟೇನಿಲ್ಲ. ಕಾಲು ಮುಂದೆ ಇರೋದು ಮಾತ್ರ ಅಭ್ಯಾಸ ಆಗಿಲ್ಲ, ಬ್ರೇಕ್ ಹುಡುಕ್ತಾ ಎರಡು ಸಲ ಗಾಳೀಲಿ ತುಳಿದೆ.

ಹಿಂದಿನ ಸೀಟಿನಲ್ಲಿ ಕೂತು ಮನೆಯವಳು ಏನೂ ಹೇಳಲಿಲ್ಲ. ವಾಪಸ್ ಬರೋವಾಗ ಸ್ಕೂಟರ್ ಮೇಲೆ ಕೇಳಿದ್ಲು, "ಅದು ನಮ್ಮ ಗೇಟಲ್ಲಿ ಹೋಗುತ್ತೇನ್ರೀ?"

ನಾನು ಅದನ್ನ ಯೋಚನೆನೇ ಮಾಡಿರಲಿಲ್ಲ. ಅವಳು ಮನೇಲಿ ಬ್ಲೌಸ್ ಹೊಲೀತಾಳೆ. ಬಂದವಳೇ ಕುತ್ತಿಗೇಲಿ ಟೇಪ್ ಹಾಕ್ಕೊಂಡು ಗೇಟ್ ಹತ್ರ ನಿಂತಳು. ಕಂಬದಿಂದ ಕಂಬಕ್ಕೆ 37 ಇಂಚು. ಚಿಲಕ ಒಳಕ್ಕೆ ಬಂದಿರೋದು ಕಳೆದ್ರೆ 35. ಗಾಡಿ ಅಗಲ ಕನ್ನಡಿ ಬಿಟ್ಟು 845 ಮಿಲಿಮೀಟರ್, ಅಂದ್ರೆ 33 ಇಂಚು ಚಿಲ್ಲರೆ. ಆಕಡೆ ಮುಕ್ಕಾಲು ಇಂಚು, ಈಕಡೆ ಮುಕ್ಕಾಲು ಇಂಚು. ಗೇಟ್ ದಾಟಿದ ಕೂಡಲೇ ಮೋರಿ ಮೇಲಿನ ಚಪ್ಪಡಿ, ಅದು ರಸ್ತೆ ಕಡೆಗೆ ಇಳಿಜಾರು. ದಿನಾ ಬೆಳಿಗ್ಗೆ ಅಲ್ಲಿಂದ ಹಿಂದಕ್ಕೆ ತೆಗೀಬೇಕು.

ಗ್ಯಾರೇಜ್_ಹುಡ್ಗ:
ಇಳಿಜಾರು ರಸ್ತೆ ಕಡೆಗಿದ್ರ ಬೆಳಿಗ್ಗೆ ಸುಲಭ, ಸಂಜಿಗೆ ಕಷ್ಟ. ಸಂಜಿಗೆ ಒಂದನೇ ಗೇರಿನಾಗ ಎಂಜಿನ್ ಮ್ಯಾಲೇ ಹತ್ತಿಸ್ರಿ, ತಳ್ಳಬ್ಯಾಡ್ರಿ. ಬೆಳಿಗ್ಗೆ ಇಳಿಸೋವಾಗ ಮುಂದಿನ ಬ್ರೇಕ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಹ್ಯಾಂಡಲ್ ನೆಟ್ಟಗ. ಚಿಲಕ ಬದಲಾಯಿಸ್ರಿ ಮೊದಲು.

ದುರ್ಗದ_ಗಾಳಿ:
ಅವೆಂಜರ್ ಹ್ಯಾಂಡಲ್ 806 ಮಿಲಿಮೀಟರ್ ಕಣಣ್ಣ. ಸುಮ್ನೆ ಹೇಳ್ದೆ.

ಪಿಬಿರೋಡ್_350:
ಗೇಟೇ ಬದಲಾಯಿಸಿಬಿಡಿ ಸಾರ್!

ಮಾಜಿ_ಯಜ್ದಿ:
ಬಾಡಿಗೆ ಮನೆಯಾ, ಸ್ವಂತದ್ದಾ?

ನಿಟುವಳ್ಳಿ_ಸ್ಕೂಟರ್:
ಬಾಡಿಗೆ. ಓನರ್ ಆಂಟಿ ಹತ್ರ ಚಿಲಕದ ಬಗ್ಗೆ ಕೇಳಿದ್ದೀನಿ, ಅವರ ಮಗ ಬೆಂಗಳೂರಿಂದ ಶನಿವಾರ ಬರ್ತಾನಂತೆ, ಅವನನ್ನ ಕೇಳಿ ಹೇಳ್ತಾರಂತೆ. ಗಾಡಿ ಬುಕ್ ಮಾಡಿಲ್ಲ. ಮನೆಯವಳು ಹಳೇ ರಟ್ಟಿನಲ್ಲಿ 845 ಮಿಲಿಮೀಟರ್ ಉದ್ದಕ್ಕೆ ಒಂದು ಪಟ್ಟಿ ಕತ್ತರಿಸಿ ಸ್ಕೂಟರ್ ಹ್ಯಾಂಡಲ್‌ಗೆ ಅಡ್ಡ ಕಟ್ಟಿದ್ದಾಳೆ. ನಾಲ್ಕು ದಿನದಿಂದ ಅದನ್ನ ಕಟ್ಕೊಂಡೇ ಗೇಟ್ ದಾಟಿಸ್ತಿದ್ದೀನಿ. ಎರಡು ಸಲ ತಾಗಿದೆ, ಎರಡೂ ಸಲ ಎಡಗಡೆ.